ಹಿತ್ತಲಿಗೆ ಬಂದ ಲೈನ್

ಗಿರಣಿ ಬಂದು ಎಂಟು ದಿನವಾದರೂ ಅದಕ್ಕೊಂದು ಜಾಗ ಸಿಕ್ಕಿರಲಿಲ್ಲ. ಅಡುಗೆಮನೆಯಲ್ಲಿಟ್ಟರೆ ಹಿಟ್ಟಿನ ಧೂಳು, ಪಡಸಾಲೆಯಲ್ಲಿಟ್ಟರೆ ಸಪ್ಪಳಕ್ಕೆ ಟೀವಿ ಕೇಳದು. ಮೂಡಲಗಿ ಸೀಮೆಯ ನಮ್ಮ ಅತ್ತಿಯ ಮನೆಯಲ್ಲಿ ಕೊನೆಗೆ ತೀರ್ಮಾನವಾದದ್ದು ಹಿತ್ತಲು. ದನದ ಕೊಟ್ಟಿಗೆಯ ಮಗ್ಗುಲಲ್ಲಿ, ತಗಡಿನ ಚಪ್ಪರದ ಕೆಳಗೆ, ಹಿಂದೆ ಬೀಸುಕಲ್ಲು ಇದ್ದ ಮೂಲೆ. ಜೋಳ ಬೀಸುವ ಒಂದು ಎಚ್‌ಪಿಯ ಮನೆ ಗಿರಣಿ ಅದು. ಮೀಟರ್ ಬೋರ್ಡಿನಿಂದ ಅಲ್ಲಿಗೆ 18 ಮೀಟರ್.

ಅತ್ತಿಯ ಮಗ ಪೇಟೆಯಿಂದ ಎರಡೆಳೆಯ ಹಳದಿ ವೈರಿನ ಸುರುಳಿ ತಂದಿಟ್ಟಿದ್ದ. ಟೀವಿ ಪ್ಲಗ್ಗಿನಿಂದ ತೆಗೆದು, ಕಿಟಕಿ ದಾಟಿಸಿ, ಅರಿವೆ ಒಣಹಾಕುವ ತಂತಿಗೆ ಸುತ್ತಿ ಹಿತ್ತಲಿಗೆ ಒಯ್ಯುವುದು ಅವನ ಲೆಕ್ಕ. ವೈರಮನ್ ಬಂದವನು ಸುರುಳಿಯನ್ನು ಕೈಯಲ್ಲಿ ಹಿಡಿದು ತೂಗಿ ನೋಡಿದ.

‘ಅವ್ವಾರ, ಗಿರಣಿಗೆ ಎಷ್ಟ ಕೊಟ್ರಿ?’

‘ಹದಿನೆಂಟ ಸಾವಿರ ಆತ ನೋಡ ತಮ್ಮಾ.’

‘ಈ ವೈರಿಗೆ?’

ಮಗ ಹೇಳಿದ, ಆರುನೂರು. ವೈರಮನ್ ಸುರುಳಿಯನ್ನು ಕಟ್ಟೆಯ ಮೇಲಿಟ್ಟ. ‘ಇದು ಮೊಬೈಲ್ ಚಾರ್ಜ್ ಮಾಡಾಕ ಬರ್ತೈತ್ರಿ. ಗಿರಣಿಗೆ ಬ್ಯಾರೆ ಲೈನ್ ಎಳೀಬೇಕು.’

ಆ ‘ಬ್ಯಾರೆ ಲೈನ್’ ನಮ್ಮ ಭಾಗದ ಅಡುಗೆಮನೆಗಳ ತನಕ ಬಂದು ಮುಟ್ಟಲು ಎಷ್ಟು ವರ್ಷ ಹಿಡಿಯಿತು ಎಂಬುದನ್ನು ನೋಡಬೇಕಾದರೆ ಗೋಕಾಕ ಫಾಲ್ಸಿಗೇ ಹೋಗಬೇಕು. ಘಟಪ್ರಭೆ 52 ಮೀಟರ್ ಕೆಳಗೆ ಧುಮುಕುವ ಆ ಜಾಗದಲ್ಲಿ 1880ರ ದಶಕದಲ್ಲಿ ನೂಲಿನ ಗಿರಣಿಯೊಂದು ಎದ್ದಿತು. ಕಂಪನಿಯ ಹೆಸರೇ ‘ಗೋಕಾಕ ವಾಟರ್ ಪವರ್ ಅಂಡ್ ಮ್ಯಾನ್ಯುಫ್ಯಾಕ್ಚರಿಂಗ್’. ನೀರಿನ ಬಲ ಮೊದಲು, ಮಾಲು ಆಮೇಲೆ. 1887ರಲ್ಲಿ ಇಲ್ಲಿ ವಿದ್ಯುತ್ ತಯಾರಾಯಿತು, ಏಷ್ಯಾದಲ್ಲೇ ಇದು ಮೊದಲು ಎಂದು ಗೋಕಾಕದವರು ಎದೆಯುಬ್ಬಿಸಿ ಹೇಳುತ್ತಾರೆ. ದೇಶದ ಪುಸ್ತಕಗಳು ಆ ಪಟ್ಟವನ್ನು 1897ರ ಡಾರ್ಜಿಲಿಂಗ್ ಬಳಿಯ ಸಿದ್ರಾಪಾಂಗ್ ಕೇಂದ್ರಕ್ಕೆ ಕಟ್ಟುತ್ತವೆ. ಗಿರಣಿಯ ಚಕ್ರ ತಿರುಗಿಸಿದ ನೀರನ್ನು ಲೆಕ್ಕಕ್ಕೆ ಹಿಡಿಯಬೇಕೋ, ಊರಿಗೆ ದೀಪ ಕೊಟ್ಟ ಕೇಂದ್ರವನ್ನೋ ಎಂಬುದರ ಮೇಲೆ ಈ ಜಗಳ ನಿಂತಿದೆ. ಕರದಂಟು ಮೆಲ್ಲುತ್ತ ಸಂಜೆಯೆಲ್ಲ ವಾದಿಸಬಹುದಾದ ವಿಷಯ; ನಾನು ತೀರ್ಪು ಕೊಡುವುದಿಲ್ಲ. ಫಾಲ್ಸಿನ ಬಲ ಮೊದಲು ಹೋದದ್ದು ನೂಲಿಗೆ ಎಂಬುದರಲ್ಲಿ ಮಾತ್ರ ಯಾರಿಗೂ ತಕರಾರಿಲ್ಲ. 1902ರಲ್ಲಿ ಶಿವನಸಮುದ್ರದಿಂದ ಹೊರಟ ತಂತಿಯೂ ಮೊದಲು ಮುಟ್ಟಿದ್ದು ಕೋಲಾರದ ಚಿನ್ನದ ಗಣಿಗೆ.

ಹಳ್ಳಿಗಳ ಪಾಳಿ ಬಂದದ್ದು ಬಹಳ ತಡವಾಗಿ, ಅದೂ ಹುಕ್ಕೇರಿ ತಾಲ್ಲೂಕಿನಲ್ಲಿ ಬೇರೆಯದೇ ದಾರಿಯಲ್ಲಿ. 1969ರಲ್ಲಿ ಕೇಂದ್ರ ಸರ್ಕಾರ ಗ್ರಾಮೀಣ ವಿದ್ಯುದೀಕರಣ ನಿಗಮವನ್ನು ಸ್ಥಾಪಿಸಿತು. ಅಮೆರಿಕದ ಹಳ್ಳಿಗರು 1930ರ ದಶಕದಲ್ಲಿ ಸಹಕಾರಿ ಸಂಘ ಕಟ್ಟಿಕೊಂಡು ಹೊಲಮನೆಗಳಿಗೆ ಕರೆಂಟ್ ತಂದ ಮಾದರಿಯನ್ನು ಇಲ್ಲಿಯೂ ಮಾಡಿ ನೋಡೋಣ ಎಂದು ದೇಶದಲ್ಲಿ ಐದು ಕಡೆ ಪ್ರಯೋಗ ಶುರುವಾಯಿತು. ಆಗ ಆಂಧ್ರದಲ್ಲಿದ್ದ ಸಿರಿಸಿಲ್ಲ, ಮಹಾರಾಷ್ಟ್ರದ ಮುಳಾ–ಪ್ರವರಾ, ಗುಜರಾತಿನ ಕೋಡಿನಾರ್, ಉತ್ತರ ಪ್ರದೇಶದ ಲಖನೌ, ಐದನೆಯದು ನಮ್ಮ ಹುಕ್ಕೇರಿ. ಸಹಕಾರಿ ಧುರೀಣ ಅಪ್ಪಣಗೌಡ ಪಾಟೀಲರ ಹೆಸರಿನೊಂದಿಗೆ ತಾಲ್ಲೂಕಿನ ಜನ ಇಂದಿಗೂ ನೆನೆಯುವ ಈ ಸಂಘ, ಕರೆಂಟನ್ನು ಸಗಟಾಗಿ ಕೊಂಡು ತನ್ನ ಕಂಬ, ತನ್ನ ತಂತಿಯ ಮೇಲೆ ಹಂಚುತ್ತದೆ. ರಾಜ್ಯದಲ್ಲಿ ಹೀಗೆ ಕರೆಂಟ್ ಹಂಚುವ ಸಹಕಾರಿ ಸಂಘ ಇದೊಂದೇ. ಗೋಕಾಕ, ಮೂಡಲಗಿಯವರ ಲೈಟ್ ಬಿಲ್ಲಿನ ಮೇಲೆ ಹೆಸ್ಕಾಂ ಎಂದಿದ್ದರೆ ಹುಕ್ಕೇರಿಯವರ ಬಿಲ್ಲಿನ ಮೇಲೆ ಸಂಘದ ಹೆಸರು. 2025ರ ಸೆಪ್ಟೆಂಬರಿನಲ್ಲಿ ಇದರ ಆಡಳಿತ ಮಂಡಳಿಗೆ ನಡೆದ ಚುನಾವಣೆ ವಿಧಾನಸಭೆ ಚುನಾವಣೆಯನ್ನೂ ಮೀರಿಸುವ ಹಾಗೆ ಗದ್ದಲವೆಬ್ಬಿಸಿತು. ಲೈಟ್ ಕಂಬಕ್ಕಾಗಿ ಅಷ್ಟು ಕಾದಾಟ ಬೇರೆಲ್ಲಿ ನಡೆದೀತು?

ಆದರೆ ಆ ಸಂಘವೂ ಕಂಬ ನೆಟ್ಟದ್ದು ಮುಖ್ಯವಾಗಿ ಪಂಪ್‌ಸೆಟ್ಟಿನ ಕಡೆ ಮುಖ ಮಾಡಿ. ಹಸಿರು ಕ್ರಾಂತಿಯ ಕಾಲ ಅದು. ಗೋಕಾಕದ ಬಲ ನೂಲಿಗೆ, ಶಿವನಸಮುದ್ರದ್ದು ಚಿನ್ನಕ್ಕೆ, ಹುಕ್ಕೇರಿಯದು ನೀರೆತ್ತಲಿಕ್ಕೆ. ಒಲೆಯ ಕಡೆ ಯಾರ ಕಣ್ಣೂ ಹೋಗಲಿಲ್ಲ. ಮನೆಗೆ ಸಿಕ್ಕಿದ್ದು ದೀಪ. ಬಡವರಿಗೆ ಭಾಗ್ಯಜ್ಯೋತಿ ಯೋಜನೆಯ ಒಂದೇ 40 ವಾಟಿನ ಬಲ್ಬು. ವೈರಿಂಗ್ ಕೂಡ ಅದಕ್ಕೆ ತಕ್ಕ ಹಾಗೆ: ಕಟ್ಟಿಗೆ ಪಟ್ಟಿಯ ಮೇಲೆ ಎರಡೆಳೆ, ಅಡುಗೆಮನೆಗೆ ಒಂದು ಹೋಲ್ಡರು, ಹೊಗೆ ಹಿಡಿದು ಕಪ್ಪಾದ ಸ್ವಿಚ್ಚು. ಪ್ಲಗ್ಗು ಎಂಬುದೊಂದಿದ್ದರೆ ಪಡಸಾಲೆಯಲ್ಲಿ, ರೇಡಿಯೊಕ್ಕೆ. ಜೋಳ ಬೀಸಿಸಲು ಹೆಣ್ಣುಮಕ್ಕಳು ಡಬ್ಬಿ ಹೊತ್ತು ಊರ ಗಿರಣಿಗೆ ಹೋಗಬೇಕು, ಅಲ್ಲಿ ತ್ರೀ ಫೇಸ್ ಬರುವ ತನಕ ಪಾಳಿ ಹಚ್ಚಿ ಕೂಡಬೇಕು. ರಾತ್ರಿ ಎರಡಕ್ಕೆ ತ್ರೀ ಫೇಸ್ ಬಂದರೆ ಎರಡಕ್ಕೇ ಬೀಸುವುದು. ಹೊಲದ ಲೈನ್ ಬೇರೆ, ಮನೆಯ ಲೈನ್ ಬೇರೆ ಮಾಡಿದ ನಿರಂತರ ಜ್ಯೋತಿ ಯೋಜನೆ ಬಂದ ಮೇಲೆ ಮನೆಯಲ್ಲಿ ದಿನವಿಡೀ ಕರೆಂಟ್ ನಿಂತಿತು. 2023ರ ಗೃಹಜ್ಯೋತಿ ಯೋಜನೆ 200 ಯೂನಿಟ್ ಒಳಗಿನ ಬಿಲ್ಲಿನ ಭಯ ಕಳೆಯಿತು. ಮಿಕ್ಸಿ, ಫ್ರಿಜ್, ಇಂಡಕ್ಷನ್ ಒಲೆ, ಮನೆ ಗಿರಣಿ ಒಂದರ ಹಿಂದೊಂದು ಬಂದವು. ಬದಲಾಗದೆ ಉಳಿದದ್ದು ಗೋಡೆಯೊಳಗಿನ ತಂತಿ.

ಕಷ್ಟ ಇರುವುದು ಅಲ್ಲೇ. 2,000 ವಾಟಿನ ಇಂಡಕ್ಷನ್ ಒಲೆ 230 ವೋಲ್ಟಿಗೆ ಸುಮಾರು 9 ಆಂಪಿಯರ್ ಎಳೆಯುತ್ತದೆ. ನಮ್ಮ ಗೋಡೆಯ ಸಣ್ಣ ಪ್ಲಗ್ಗು 6 ಆಂಪಿಯರಿನದು. ಗಿರಣಿ ಇನ್ನೂ ಹಟಮಾರಿ. ಓಡುವಾಗ 5–6 ಆಂಪಿಯರ್ ಸಾಕು, ಆದರೆ ಎದ್ದು ನಿಲ್ಲುವ ಆ ಒಂದೆರಡು ಸೆಕೆಂಡು ಅದರ ಐದು ಪಟ್ಟು ಬೇಡುತ್ತದೆ. ತಂತಿ ಸಣ್ಣದಿದ್ದರೆ ಅಷ್ಟು ಕರೆಂಟ್ ಹಾಯುವಾಗ ವೋಲ್ಟೇಜ್ ದಾರಿಯಲ್ಲೇ ಸೋರುತ್ತದೆ. ಸಂಜೆ ಟ್ರಾನ್ಸ್‌ಫಾರ್ಮರಿನಿಂದ ಬರುವುದೇ 190 ವೋಲ್ಟ್ ಇದ್ದರೆ ಗಿರಣಿ ತಿರುಗುವುದಿಲ್ಲ, ಗುಂಯ್ ಎಂದು ನರಳುತ್ತದೆ. ಹಾಗೇ ಬಿಟ್ಟರೆ ವೈಂಡಿಂಗ್ ಸುಟ್ಟ ವಾಸನೆ. ಆಮೇಲೆ ಜನ ಗಿರಣಿ ಕಂಪನಿಯನ್ನು ಬೈಯುತ್ತಾರೆ.

ಹೀಗಾಗಿ ಅತ್ತಿಯ ಮನೆಯಲ್ಲಿ ವೈರಮನ್ ಬೋರ್ಡಿನಿಂದ ನೇರ ಒಂದು ಹೊಸ ಲೈನ್ ತೆಗೆದ. ಅದಕ್ಕೇ ಮೀಸಲಾದ ಎಂಸಿಬಿ, 2.5 ಚದರ ಮಿಲಿಮೀಟರಿನ ತಾಮ್ರದ ವೈರ್, ಅರ್ಥಿಂಗಿಗೆ ಹಸಿರು ಎಳೆ ಬೇರೆ, ಕೊನೆಗೆ 16 ಆಂಪಿಯರಿನ ಪವರ್ ಪ್ಲಗ್. ಬಿಸಿಲಿಗೆ ಬಿಟ್ಟ ಪ್ಲಾಸ್ಟಿಕ್ ಪೈಪು ಕೆಲವೇ ಬೇಸಿಗೆಗಳಲ್ಲಿ ಹಪ್ಪಳದ ಹಾಗೆ ಮುರಿಯುತ್ತದೆ ಎಂದು ಸೂರಿನ ನೆರಳಿನಲ್ಲಿ ಪೈಪ್ ಹಾಯಿಸಿದ. ಅರಿವೆ ತಂತಿಯಿಂದ ದೂರ. ನಮ್ಮ ಕಡೆ ವರ್ಷವರ್ಷ ಸಾವುಗಳಾಗುವುದು ಇಲ್ಲೇ: ತೊಗಲು ಸವೆದ ವೈರು ಅರಿವೆ ತಂತಿಗೆ ತಾಗಿರುತ್ತದೆ, ಒದ್ದೆ ಸೀರೆ ಹಾಕಲು ಹೋದವರ ಕೈ ಅದರ ಮೇಲೆ ಬೀಳುತ್ತದೆ. ತಗಡಿನ ಚಪ್ಪರಕ್ಕೆ ತಾಗಿದರೆ ಇಡೀ ಚಪ್ಪರವೇ ಕರೆಂಟ್.

ಪ್ಲಗ್ಗನ್ನು ಅವನು ಎದೆಮಟ್ಟಕ್ಕೆ ಕೂಡಿಸಿದ. ಇಷ್ಟು ಮ್ಯಾಲ್ಯಾಕ ಎಂದು ಅತ್ತಿ ಕೇಳಿದಳು. ‘ಎರಡ್ ಸಾವಿರದ ಹತ್ತೊಂಬತ್ತ ಮರತ್ರೇನ್ರಿ?’ ಆ ವರ್ಷದ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಗೋಕಾಕ ಪೇಟೆಯ ಮನೆ, ಅಂಗಡಿಗಳಿಗೆ ನುಗ್ಗಿತ್ತು. ಕೆಸರು ತುಂಬಿದ ಮೀಟರ್ ಬೋರ್ಡುಗಳನ್ನು ನೋಡಿದವರಿಗೆ ಆ ಪ್ರಶ್ನೆ ಎರಡನೇ ಸಲ ಕೇಳಬೇಕೆನಿಸುವುದಿಲ್ಲ.

ದಿನದ ಅರ್ಧ ಹೊತ್ತು ಹೋದದ್ದು ಅರ್ಥಿಂಗ್ ತಗ್ಗಿಗೆ. ಮೂಡಲಗಿಯ ಎರೆಭೂಮಿ ಈ ವಿಷಯದಲ್ಲಿ ಪುಣ್ಯವಂತ ಮಣ್ಣು: ನೀರು ಹಿಡಿದಿಟ್ಟುಕೊಳ್ಳುತ್ತದೆ, ಹಾಗಾಗಿ ಕರೆಂಟಿಗೂ ದಾರಿ ಬಿಡುತ್ತದೆ. ಗೋಕಾಕದ ಗುಡ್ಡದ ಕಡೆ ಹೋದರೆ ಎರಡಡಿಗೇ ಬಂಡೆ. ಆದರೆ ಎರೆಗೂ ಒಂದು ಐಬಿದೆ. ಬೇಸಿಗೆಯಲ್ಲಿ ಬಿರುಕು ಬಿಟ್ಟು ಪೈಪಿನಿಂದ ದೂರ ಸರಿಯುತ್ತದೆ. ಪೈಪು ಅಲ್ಲೇ ಇರುತ್ತದೆ, ಅರ್ಥಿಂಗ್ ಮಾತ್ರ ಇರುವುದಿಲ್ಲ. ಅದಕ್ಕೇ ಇದ್ದಲಿ, ಉಪ್ಪು, ಬೇಸಿಗೆ ತುಂಬ ಆಗಾಗ ಒಂದು ಕೊಡ ನೀರು.

ಕಡೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ. ವೈರಿನಲ್ಲಿ ಹೋದ ಕರೆಂಟ್ ಪೂರಾ ತಿರುಗಿ ಬರುತ್ತಿದೆಯೇ ಎಂದು ಅದು ಕಾಯುತ್ತದೆ. ಮನುಷ್ಯನ ಮೈಮೂಲಕ ನೆಲಕ್ಕೆ ಒಂದಿಷ್ಟು ಸೋರಿತೆಂದರೆ ಸೆಕೆಂಡಿನ ಒಂದು ಪಾಲಿನೊಳಗೆ ಲೈನ್ ಕಡಿಯುತ್ತದೆ. ಎಂಸಿಬಿಗೆ ಈ ಕೆಲಸ ಬಾರದು. ಅದು ತಂತಿಯನ್ನು ಕಾಯುತ್ತದೆ, ಇದು ಮನುಷ್ಯನನ್ನು. ಇದಕ್ಕೆ ಎರಡು ಸಾವಿರ ಆಗುತ್ತದೆ ಎಂದಾಗ ಅತ್ತಿಯ ಮಗ ಬೇಡ ಎಂದ. ಅತ್ತಿ ಹಾಕು ಎಂದಳು.

ಎಲ್ಲ ಸೇರಿ ಗಿರಣಿಯ ಅರ್ಧದಷ್ಟು ದುಡ್ಡು ಲೈನಿಗೇ ಹೋಯಿತು. ಹೋಗಬೇಕಾದದ್ದೇ. ಗಿರಣಿಗೆ ಹದಿನೆಂಟು ಸಾವಿರ ಎಣಿಸಿ ಕೊಟ್ಟು ವೈರಿಗೆ ಆರುನೂರು ಎನ್ನುವ ಲೆಕ್ಕ ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲ್ಲೂಕುಗಳ ಹಿತ್ತಲುಗಳಲ್ಲಿ ನಡೆದಿದೆ, ಅದು ತಪ್ಪು ಲೆಕ್ಕ. ಹೊಸ ಲೈನ್ ಎಳೆಸುವವರು ಇನ್ನೆರಡು ವಿಷಯ ನೋಡಿಕೊಳ್ಳಬೇಕು. ಮೀಟರಿಗೆ ಮಂಜೂರಾದ ಲೋಡ್ ಎಷ್ಟು ಕಿಲೋವಾಟ್ ಎಂದು ಬಿಲ್ಲಿನ ಮೇಲೆ ಬರೆದಿರುತ್ತದೆ. ಒಲೆ, ಗಿರಣಿ, ಗೀಸರ್ ಕೂಡಿ ಅದನ್ನು ದಾಟುವಂತಿದ್ದರೆ ಅರ್ಜಿ ಕೊಟ್ಟು ಹೆಚ್ಚಿಸಿಕೊಳ್ಳಿ. ಕೆಲಸವನ್ನು ಲೈಸೆನ್ಸ್ ಇದ್ದವರ ಕೈಯಲ್ಲೇ ಮಾಡಿಸಿ. ಇನ್ನು ನೆರೆಯವರ ಜೋಳವನ್ನೂ ದುಡ್ಡಿಗೆ ಬೀಸಲು ಶುರುಮಾಡಿದರೆ ಅದು ಮನೆ ಲೈನಲ್ಲ, ದರಪಟ್ಟಿ ಬೇರೆ.

ಆರ್‌ಸಿಸಿಬಿಯ ಮೇಲೆ ‘ಟಿ’ ಎಂದು ಬರೆದ ಸಣ್ಣ ಗುಂಡಿ ಇರುತ್ತದೆ. ತಿಂಗಳಿಗೊಮ್ಮೆ ಒತ್ತಿ ನೋಡಬೇಕು, ಟಪ್ ಎಂದು ಬಿದ್ದರೆ ಅದಕ್ಕೆ ಜೀವ ಇದೆ ಎಂದರ್ಥ. ತಿಂಗಳ ಲೆಕ್ಕ ನೆನಪಿರುವುದಿಲ್ಲವೆಂದು ಅತ್ತಿ ಅಮಾವಾಸ್ಯೆ ಹಿಡಿದಿದ್ದಾಳೆ. ಗಿರಣಿಗೆ ವಿಭೂತಿ ಹಚ್ಚಿ, ಅರ್ಥಿಂಗ್ ತಗ್ಗಿಗೆ ಒಂದು ಕೊಡ ನೀರು ಸುರಿದು, ಗುಂಡಿ ಒತ್ತುತ್ತಾಳೆ.