ಪದ್ಮಿನಿಯ ಜ್ವರ, ಮೇಸ್ತ್ರಿಯ ಮೀಟರು

ಬ್ಲೋ ಲ್ಯಾಂಪಿನಲ್ಲಿ ಕಾಯಿಸಿದ ಸ್ಪ್ಯಾನರಿನ ಮೇಲೆ ಮೇಸ್ತ್ರಿ ಎರಡು ಹನಿ ಎಂಜಿನ್ ಆಯಿಲ್ ಬಿಟ್ಟ. ಆಮೇಲೆ ಬಗ್ಗಿ ಕಿವಿಗೊಟ್ಟ. ಸಾಸಿವೆ ಸಿಡಿದ ಹಾಗೆ ಚಟಪಟ ಎಂದರೆ ಆಯಿಲ್‌ಗೆ ನೀರು ಸೇರಿದೆ, ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂದು ಲೆಕ್ಕ. ಚಟಪಟ ಎನ್ನಲಿಲ್ಲ. ಸಣ್ಣಗೆ ಹೊಗೆಯಾಡಿತು, ಅಷ್ಟೆ. ಡಿಪ್‌ಸ್ಟಿಕ್ಕಿನ ತುದಿಯನ್ನು ಮೂಗಿಗೆ ಹಿಡಿದು ನೋಡಿದ. ಪೆಟ್ರೋಲ್ ವಾಸನೆಯೂ ಇರಲಿಲ್ಲ. ಬಂದಿದ್ದರೆ ಫ್ಯುಯೆಲ್ ಪಂಪಿನ ಡಯಾಫ್ರಮ್ ಹರಿದು, ಪೆಟ್ರೋಲ್ ಸಂಪಿಗಿಳಿದು, ಆಯಿಲ್ ತಿಳಿಸಾರಾಗಿದೆ ಎಂದು ತಿಳಿಯಬೇಕಿತ್ತು. ‘ಆಯಿಲ್ ಚೆನ್ನಾಗೈತೆ ಸಾರ್. ಈಗ ಹೇಳಿ, ಹತ್ತುವಾಗ ಕುದೀತಾ, ಸಿಗ್ನಲ್ಲಲ್ಲಿ ನಿಂತಾಗ ಕುದೀತಾ?’

ಮೈಸೂರಿನ ಬನ್ನಿಮಂಟಪದ ಕಡೆಯ ಆ ಶೆಡ್ಡಿಗೆ ನಾನು ಹೋದದ್ದು ಎರಡನೇ ಅಭಿಪ್ರಾಯಕ್ಕೆ. ಕಾರು ಬಾವನದು, 1987ರ ಪ್ರೀಮಿಯರ್ ಪದ್ಮಿನಿ. ಚಾಮುಂಡಿ ಬೆಟ್ಟ ಅರ್ಧ ಹತ್ತುವಷ್ಟರಲ್ಲಿ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಗುತ್ತಿತ್ತು. ಗಾಬರಿಯಾಗಿ ಪಕ್ಕಕ್ಕೆ ಹಾಕಿ ಐಡ್ಲಿಂಗಿಗೆ ಬಿಟ್ಟರೆ ಆಯಿಲ್ ದೀಪ ಪಿಳಿಪಿಳಿ ಅನ್ನುತ್ತಿತ್ತು. ಮೊದಲು ತೋರಿಸಿದ ಗ್ಯಾರೇಜಿನವರು ಬಾನೆಟ್ಟನ್ನು ಅರ್ಧ ಎತ್ತಿ, ‘ಎಂಜಿನ್ ಇಳಿಸಬೇಕು, ಬೋರ್ ಮಾಡಿಸಬೇಕು, ಕ್ರ್ಯಾಂಕ್ ಗ್ರೈಂಡಿಂಗ್ ಆಗಬೇಕು’ ಎಂದು ತೀರ್ಪು ಕೊಟ್ಟಿದ್ದರು. ಯಾವ ಅಳತೆಯನ್ನೂ ತೆಗೆದಿರಲಿಲ್ಲ. ಅವರು ಹೇಳಿದ ಮೊತ್ತ ಕೇಳಿ ಬಾವ ಎರಡು ದಿನ ಮಾತು ಬಿಟ್ಟಿದ್ದರು.

ಪದ್ಮಿನಿಯ ಪುರಾಣ ಗೊತ್ತಿಲ್ಲದವರಿಲ್ಲ. 1930ರ ದಶಕದಲ್ಲೇ ದೇಶಕ್ಕೊಂದು ಮೋಟಾರು ಕಾರ್ಖಾನೆ ಬೇಕೆಂದು ನಮ್ಮ ವಿಶ್ವೇಶ್ವರಯ್ಯನವರು ಯೋಜನೆ ಹಿಡಿದು ಓಡಾಡಿದ್ದು, ಕೊನೆಗೆ ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಮುಂಬೈಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಟ್ಟಿದ್ದು, 1964ರಲ್ಲಿ ಕುರ್ಲಾದಿಂದ ಫಿಯಟ್ 1100ಡಿ ಹೊರಬಂದದ್ದು, ಅದೇ ಕಾರು 1974ರಲ್ಲಿ ಪದ್ಮಿನಿಯಾದದ್ದು. ಮುಂಬೈಯ ಕೊನೆಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ಇಳಿಯಿತು. ನಮಗೆ ಇಲ್ಲಿ ಬೇಕಾದದ್ದು ಅದರ 1089 ಸಿಸಿ ಎಂಜಿನ್ ಮಾತ್ರ: ಬೀಡುಕಬ್ಬಿಣದ ಬ್ಲಾಕ್, ಮೇಲೆ ಅಲ್ಯೂಮಿನಿಯಂ ಹೆಡ್. ಕುದಿಸಿಕೊಂಡು ಓಡಿಸಿದರೆ ಈ ಹೆಡ್ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ.

‘ಹತ್ತುವಾಗ’ ಎಂದೆ. ಮೇಸ್ತ್ರಿ ತಲೆಯಾಡಿಸಿದ. ಟ್ರಾಫಿಕ್ಕಿನಲ್ಲಿ ಕುದಿದು ಹೈವೇಯಲ್ಲಿ ತಣ್ಣಗಾಗುವ ಕಾರಿಗೆ ಗಾಳಿಯ ಕೊರತೆ. ಫ್ಯಾನ್ ಬೆಲ್ಟ್ ಸಡಿಲವಿರಬೇಕು, ಇಲ್ಲವೇ ರೇಡಿಯೇಟರಿನ ರೆಕ್ಕೆಗಳಲ್ಲಿ ಚಿಟ್ಟೆ, ಧೂಳು ಕೂತಿರಬೇಕು. ಏರಿನಲ್ಲೋ ವೇಗದಲ್ಲೋ ಕುದಿಯುವುದಕ್ಕೆ ನೀರಿನ ಕಡೆಯ ದೋಷ. ಎಂಜಿನ್ ಬಿಸಿಯಾಗುವವರೆಗೆ ಓಡಿಸಿ ಆಫ್ ಮಾಡಿ, ದನದ ಹೊಟ್ಟೆ ಸವರುವ ಪಶುವೈದ್ಯನ ಹಾಗೆ ರೇಡಿಯೇಟರಿನ ಮೈಮೇಲೆ ಅಂಗೈ ಆಡಿಸಿದ. ಮೇಲ್ಗಡೆ ಸುಡುತ್ತಿತ್ತು. ಕೆಳಗೆ, ಎಡಮೂಲೆಯಲ್ಲಿ, ನನ್ನ ಕೈಯನ್ನು ಹಿಡಿದು ತಾನೇ ಇಟ್ಟ. ತಣ್ಣಗಿತ್ತು. ಎರಡು ಅಂಗೈ ಅಗಲದ ಜಾಗ, ಬೆಳಗಿನ ಕಲ್ಲುಬೆಂಚಿನಷ್ಟು ತಣ್ಣಗೆ. ಅಲ್ಲಿನ ಕೊಳವೆಗಳಲ್ಲಿ ನೀರೇ ಹರಿಯುತ್ತಿರಲಿಲ್ಲ.

ಆ ತಣ್ಣನೆಯ ಜಾಗ ಮುಟ್ಟಿದ ಕ್ಷಣ ನನಗೆ ರೋಮಾಂಚನವಾಯಿತು ಎಂದರೆ ಮನೆಯಲ್ಲಿ ನಗುತ್ತಾರೆ.

ಆದರೆ ಆಯಿಲ್ ದೀಪ? ಎರಡೂ ಬೇರೆ ಬೇರೆ ಕಾಯಿಲೆಯೋ, ಒಂದರ ಬಾಲ ಹಿಡಿದು ಇನ್ನೊಂದು ಬಂದದ್ದೋ? ಇದಕ್ಕೆ ಮೇಸ್ತ್ರಿ ಬಾಯಿಯಲ್ಲಿ ಉತ್ತರ ಕೊಡಲಿಲ್ಲ. ಗೋಡೆಯ ಮೊಳೆಯಿಂದ ಒಂದು ಹಿತ್ತಾಳೆ ಮೀಟರು ಇಳಿಸಿದ. ಅದಕ್ಕೆ ಎರಡು ಮಾರುದ್ದದ ತಾಮ್ರದ ಸಣ್ಣ ಕೊಳವೆ. ಬ್ಲಾಕಿನ ಪಕ್ಕದ ಆಯಿಲ್ ಸ್ವಿಚ್ ಬಿಚ್ಚಿ, ಆ ತೂತಿಗೆ ಕೊಳವೆ ತಿರುಪಿ ಸ್ಟಾರ್ಟ್ ಮಾಡಿಸಿದ. ಎಂಜಿನ್ ಅಷ್ಟರಲ್ಲಿ ಆರಿತ್ತು. ಮುಳ್ಳು ಜಿಗಿದು 55 ಪೌಂಡಿನಲ್ಲಿ ನಿಂತಿತು. ಅಂದರೆ ಪಂಪ್ ಸರಿಯಿದೆ, ರಿಲೀಫ್ ವಾಲ್ವಿನಡಿ ಕಸ ಕೂತಿಲ್ಲ.

ಇಲ್ಲಿ ನನ್ನದೊಂದು ಹುಚ್ಚಿದೆ, ಸಹಿಸಿಕೊಳ್ಳಬೇಕು. ಕಾರು ಕಾಯಲು ಬಿಟ್ಟ ಹೊತ್ತಿನಲ್ಲಿ ನಾನು ಕೇಳಿದೆನೆಂದು ಮೇಸ್ತ್ರಿ ಇನ್ನೊಂದು ಕೆಟ್ಟ ಮೀಟರಿನ ಬೆನ್ನು ಬಿಚ್ಚಿ ತೋರಿಸಿದ. ಒಳಗೆ ಸ್ಪ್ರಿಂಗ್ ಇರಬಹುದು, ಪಿಸ್ಟನ್ ಇರಬಹುದು ಎಂದುಕೊಂಡಿದ್ದೆ. ಇದ್ದದ್ದು ಚಪ್ಪಟೆ ಮಾಡಿ ಕುಡುಗೋಲಿನಂತೆ ಬಗ್ಗಿಸಿದ ಒಂದು ಕೊಳವೆ. ಜಾತ್ರೆಯಲ್ಲಿ ಮಕ್ಕಳು ಊದುವ ಸುರುಳಿ ಪೀಪಿ ನೆನಪಿಸಿಕೊಳ್ಳಿ. ಉಸಿರು ಹೊಕ್ಕರೆ ಬಿಚ್ಚಿಕೊಳ್ಳುತ್ತದೆ, ಬಿಟ್ಟರೆ ಸುರುಳಿಯಾಗುತ್ತದೆ. ಅದೇ ಇದು. ಒಳಗಿನ ಒತ್ತಡ ಏರಿದಂತೆ ಚಪ್ಪಟೆ ಕೊಳವೆ ದುಂಡಗಾಗಲು ಹವಣಿಸುತ್ತದೆ, ಹಾಗಾಗಲು ಹೋಗಿ ಕೂದಲೆಳೆಯಷ್ಟು ನೆಟ್ಟಗಾಗುತ್ತದೆ. ಅದರ ತುದಿಗೆ ಕಟ್ಟಿದ ಪುಟ್ಟ ಹಲ್ಲುಚಕ್ರ ಆ ಕೂದಲೆಳೆಯನ್ನು ಮುಳ್ಳಿನ ಮುಕ್ಕಾಲು ಸುತ್ತಾಗಿ ಮಾಡುತ್ತದೆ. ಪ್ಯಾರಿಸ್ಸಿನ ಗಡಿಯಾರದ ಕುಶಲಿ ಯೂಜೀನ್ ಬೂರ್ಡಾನ್ 1849ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಅದಕ್ಕೆ ಮೊದಲು ಉಗಿಯಂತ್ರದವರು ಒತ್ತಡ ಅಳೆಯಲು ಮಾರುದ್ದದ ಪಾದರಸದ ಕೊಳವೆ ನಿಲ್ಲಿಸಿಕೊಳ್ಳುತ್ತಿದ್ದರು. ಇಂದಿಗೂ ಆಸ್ಪತ್ರೆಯ ಆಕ್ಸಿಜನ್ ಸಿಲಿಂಡರಿನ ತಲೆಯ ಮೇಲೆ, ಪಂಕ್ಚರ್ ಅಂಗಡಿಯ ಕಂಪ್ರೆಸರಿನ ಮೇಲೆ ಇದೇ ಕುಡುಗೋಲು ಕೂತಿರುತ್ತದೆ. ವಿದ್ಯುತ್ತು ಬೇಡ, ವೈರು ಬೇಡ. ಸುಳ್ಳು ಹೇಳಲು ಬೇಕಾದ ಬುದ್ಧಿಯೇ ಇದಕ್ಕಿಲ್ಲ. ಡ್ಯಾಶ್‌ಬೋರ್ಡಿನ ಕೆಂಪು ದೀಪವಾದರೋ ಹೌದು-ಇಲ್ಲ ಬಿಟ್ಟರೆ ಮೂರನೆಯ ಮಾತು ಆಡದು. ಅದನ್ನು ಮೂರ್ಖ ದೀಪ ಎಂದು ಹಳೆಯ ಚಾಲಕರು ಬೈಯುವುದು ನನಗೆ ಸರಿಯಾಗಿಯೇ ಕಾಣುತ್ತದೆ.

ಎಂಜಿನ್ ಪೂರ್ತಿ ಕಾಯಿತು. ಐಡ್ಲಿಂಗಿನಲ್ಲಿ ಮುಳ್ಳು 9ಕ್ಕೆ ಇಳಿಯಿತು. ರೇಸ್ ಮಾಡಿದರೆ 40. ಪಕ್ಕದಲ್ಲಿ ಸಾವಿರ ಆರ್‌ಪಿಎಮ್‌ಗೆ ಹತ್ತು ಪೌಂಡ್ ಎಂಬ ಗ್ಯಾರೇಜಿನ ಲೆಕ್ಕ ಇಟ್ಟರೆ, ಸಾಯುವ ಎಂಜಿನ್ ಅಲ್ಲ ಇದು. ಇಂಥ ಸ್ವಿಚ್ಚುಗಳು ಸಾಮಾನ್ಯವಾಗಿ ಐದಾರು ಪೌಂಡಿಗೆ ಇಳಿದಾಗ ದೀಪ ಹಚ್ಚಬೇಕು. ನಮ್ಮದು ಒಂಬತ್ತಕ್ಕೇ ಬಾಯಿ ಬಡಿದುಕೊಳ್ಳುತ್ತಿತ್ತು. ಆದರೂ ಪೂರ್ತಿ ಸುಳ್ಳಲ್ಲ, ಒಂಬತ್ತು ಕಡಿಮೆಯೇ.

ಪಂಪ್ ಕೊಡುವುದು ಹರಿವನ್ನು, ಒತ್ತಡವನ್ನಲ್ಲ. ಒತ್ತಡ ಹುಟ್ಟುವುದು ಆ ಹರಿವಿಗೆ ಬೇರಿಂಗುಗಳ ಸಂದು ಅಡ್ಡ ನಿಲ್ಲುವುದರಿಂದ. ಆ ಸಂದು ಕೂದಲೆಳೆಗಿಂತ ಸಣ್ಣದು. ಸವೆದು ಎರಡರಷ್ಟಾದರೆ ಸೋರಿಕೆ ಎಂಟರಷ್ಟಾಗುತ್ತದೆ, ಅದಕ್ಕೇ ಸವೆದ ಎಂಜಿನ್ ಒಮ್ಮೆಲೇ ಕೈಕೊಡುವುದು. ಸಂದು ಅಷ್ಟೇ ಇದ್ದು ಆಯಿಲ್ ತೆಳ್ಳಗಾದರೂ ಮುಳ್ಳು ಇಳಿಯುತ್ತದೆ. ನಾವು ಹಾಕುವ 20ಡಬ್ಲ್ಯು-40 ಆಯಿಲ್ 40 ಡಿಗ್ರಿಯಿಂದ 100 ಡಿಗ್ರಿಗೆ ಹೋಗುವಷ್ಟರಲ್ಲಿ ದಪ್ಪದಲ್ಲಿ ಹೆಚ್ಚುಕಡಿಮೆ ಒಂಬತ್ತನೇ ಒಂದು ಪಾಲಿಗೆ ಇಳಿದಿರುತ್ತದೆ. ಬೆಟ್ಟ ಹತ್ತಿ ಕುದಿದ ಎಂಜಿನ್ನಿನ ಆಯಿಲ್ ಅದಕ್ಕೂ ಮೇಲೆ ಕಾದಿರುತ್ತದೆ. ‘ಮೊದ್ಲು ಜ್ವರ ಇಳ್ಸಿ, ಆಮೇಲೆ ಬಿಪಿ ನೋಡೋಣ’ ಎಂದ ಮೇಸ್ತ್ರಿ.

ಇಂಥ ಹೊತ್ತಿನಲ್ಲಿ ಇನ್ನೂ ದಪ್ಪ ಆಯಿಲ್ ಹಾಕಿ, ಡಬ್ಬಿಯ ಔಷಧಿ ಸುರಿದು ಮುಳ್ಳು ಏರಿಸುವವರಿದ್ದಾರೆ. ಥರ್ಮೋಸ್ಟಾಟನ್ನೇ ಕಿತ್ತೆಸೆಯುವ ಪರಂಪರೆಯಂತೂ ನಮ್ಮಲ್ಲಿ ಭದ್ರವಾಗಿದೆ. ನನಗೆ ಎರಡರಲ್ಲೂ ನಂಬಿಕೆಯಿಲ್ಲ.

ರೇಡಿಯೇಟರ್ ಇಳಿಸಿ ಮೇಲಿನ ತೊಟ್ಟಿಯ ಬೆಸುಗೆ ಬಿಡಿಸಿದರು. ಸ್ನಾನದ ಹಂಡೆಯೊಳಗಿನಂಥದೇ ಸುಣ್ಣದ ಪಕ್ಕು, ನಡುನಡುವೆ ಹಳದಿ ಹುಡಿ. ಬಡಾವಣೆಯ ಬೋರ್‌ವೆಲ್ ನೀರು ಸುಣ್ಣ ಕಟ್ಟಿದ್ದು ಅರ್ಥವಾಯಿತು. ಹಳದಿ ಏನು? ಫೋನಿನಲ್ಲಿ ಬಾವ ಬಹಳ ಹೊತ್ತು ಸುಮ್ಮನಿದ್ದು ಒಪ್ಪಿಕೊಂಡರು: ಎಂಟು ವರ್ಷದ ಹಿಂದೆ ಹುಣಸೂರು ರಸ್ತೆಯಲ್ಲಿ ರೇಡಿಯೇಟರ್ ಸೋರಿದಾಗ ಯಾರೋ ಲಾರಿ ಡ್ರೈವರ್ ಹೇಳಿದನೆಂದು ಒಂದು ಪೊಟ್ಟಣ ಅರಿಶಿನ ಸುರಿದಿದ್ದರಂತೆ. ಸೋರಿಕೆಯೇನೋ ಆಗ ನಿಂತಿತ್ತು.

ತೆಳು ಕಬ್ಬಿಣದ ಪಟ್ಟಿಯಿಂದ ಒಂದೊಂದೇ ಕೊಳವೆ ಚುಚ್ಚಿ ಸ್ವಚ್ಛ ಮಾಡಲು ಒಂದು ದಿನ ಹಿಡಿಯಿತು. ಮುಚ್ಚಳದ ರಬ್ಬರೂ ಸತ್ತಿತ್ತು. ಮೈಸೂರಿನ ಎತ್ತರದಲ್ಲಿ ನೀರು ಹೇಗೂ 97ರ ಆಸುಪಾಸಿಗೆ ಕುದಿಯುತ್ತದೆ, ಮುಚ್ಚಳ ಒತ್ತಡ ಹಿಡಿಯದಿದ್ದರೆ ಅದಕ್ಕೆ ಮೀರಿದ ರಕ್ಷಣೆಯೇ ಇಲ್ಲ. ಹೊಸ ಮುಚ್ಚಳ, ಹೊಸ ಸ್ವಿಚ್, ಕೂಲಂಟ್. ಎಂಜಿನ್ನಿನ ಒಂದು ಬೋಲ್ಟನ್ನೂ ಮುಟ್ಟಲಿಲ್ಲ. ಮರುದಿನ ಮೇಸ್ತ್ರಿಯ ಮೀಟರನ್ನು ಕಾಲಬಳಿ ತೂಗುಹಾಕಿಕೊಂಡೇ ಬೆಟ್ಟ ಹತ್ತಿದೆವು. ಮೇಲೆ ನಿಲ್ಲಿಸಿದಾಗ ಐಡ್ಲಿಂಗಿನಲ್ಲಿ 14.

ಮೀಟರನ್ನು ಕೊಂಡುಕೊಳ್ಳುತ್ತೇನೆ ಎಂದೆ. ಮೇಸ್ತ್ರಿ ನಕ್ಕು ವಾಪಸ್ ಮೊಳೆಗೆ ನೇತುಹಾಕಿದ. ಬೆಂಗಳೂರಿಗೆ ಬಂದ ಮೇಲೆ ಶಿವಾಜಿನಗರದ ಗುಜರಿಯಲ್ಲಿ ಎರಡು ಭಾನುವಾರ ಸುತ್ತಿ, ಗಾಜು ಬಿರುಕುಬಿಟ್ಟ ಒಂದನ್ನು ಹುಡುಕಿ ತಂದು ಬಾವನ ಡ್ಯಾಶ್‌ಬೋರ್ಡಿನ ಅಡಿಗೆ ಕೂರಿಸಿಕೊಟ್ಟೆ. ಕಳೆದ ವಾರ ಬಾವ ಕಾರಿನೊಳಗಿಂದ ಫೋನ್ ಮಾಡಿದ್ದರು. ‘ನೀನು ಹಾಕಿದ ಗಡಿಯಾರ ಹಿಂದೆ ಮುಂದೆ ಓಡ್ತಿದೆಯಲ್ಲೋ. ಕೀ ಎಲ್ಲಿ ಕೊಡೋದು?’