ನೇತ್ರಾಣಿಗೆ ಹೊರಟವರಿಗೆ: ಆರು ತಪ್ಪು ಕಲ್ಪನೆ, ಆರು ಸತ್ಯ

ಎಚ್.ಡಿ. ಕೋಟೆ ಬಳಿಯ ಹ್ಯಾಂಡ್‌ಪೋಸ್ಟ್‌ನಲ್ಲಿ ಹೊರಗಿನವರ ಕಾರುಗಳು ನಿಂತು ಕಬಿನಿಗೆ ದಾರಿ ಕೇಳುವುದು ಹಳೆಯ ಮಾತು. ಈಚೆಗೆ ಕೋಟೆ, ಹುಣಸೂರು, ಪಿರಿಯಾಪಟ್ಟಣದ ಕಡೆಯವರೂ ರಜೆ ಸಿಕ್ಕರೆ ಕಡಲು, ದ್ವೀಪ, ಸ್ನಾರ್ಕೆಲಿಂಗ್ ಎಂದು ಹೊರಡುತ್ತಾರೆ. ಅದಕ್ಕೆ ಅಂಡಮಾನೋ ಮಾಲ್ಡೀವ್ಸೋ ಆಗಬೇಕೆಂದಿಲ್ಲ. ಮಡಿಕೇರಿ ದಾಟಿ ಸಂಪಾಜೆ ಘಾಟಿ ಇಳಿದು ಉತ್ತರಕ್ಕೆ ಹೋದರೆ ಮುರುಡೇಶ್ವರ, ಅಲ್ಲಿಂದ ದೋಣಿ ಹತ್ತಿದರೆ ನೇತ್ರಾಣಿ. ಆದರೆ ಮೊಬೈಲಿನ ರೀಲ್ಸ್ ನೋಡಿ ಹೊರಟವರು ಕೆಲವು ತಪ್ಪು ಲೆಕ್ಕಗಳನ್ನೂ ಜೊತೆಗೆ ಒಯ್ಯುತ್ತಾರೆ.

ತಪ್ಪು ಕಲ್ಪನೆ 1: ದ್ವೀಪಕ್ಕಿಳಿದು ಮರಳಿನ ಮೇಲೆ ಮೈಚಾಚಬಹುದು

ಸತ್ಯ: ನೇತ್ರಾಣಿಯಲ್ಲಿ ಪ್ರವಾಸಿಗರು ಇಳಿಯುವಂತಿಲ್ಲ. ತೀರದಿಂದ ಸುಮಾರು 19 ಕಿಲೋಮೀಟರ್ ದೂರದ ಈ ದ್ವೀಪದ ಸುತ್ತ ಇರುವುದು ಕಡಿದಾದ ಬಂಡೆ. ನೌಕಾಪಡೆ ಇದನ್ನು ಗುರಿ ಅಭ್ಯಾಸಕ್ಕೆ ಬಳಸುತ್ತಿತ್ತು. ಸಿಡಿಯದ ಗುಂಡುಗಳ ಅಪಾಯವೂ ಉಂಟು. ದೋಣಿ ಪಕ್ಕದಲ್ಲಿ ಲಂಗರು ಹಾಕುತ್ತದೆ, ನೀರಿಗಿಳಿಯುವುದು ಅಲ್ಲಿಂದಲೇ. ದ್ವೀಪದ ನೆಲವನ್ನೇ ಮೆಟ್ಟಬೇಕೆಂದರೆ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ. ಅಲ್ಲಿನ ಕಂಬದಂಥ ಕಲ್ಲುಗಳು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುವ ಕಾಲದ ಜ್ವಾಲಾಮುಖಿಯಿಂದ ಹುಟ್ಟಿದವು. ರಾತ್ರಿ ತಂಗಲು ಮಾತ್ರ ಅಲ್ಲೂ ಅವಕಾಶವಿಲ್ಲ.

ತಪ್ಪು ಕಲ್ಪನೆ 2: ಈಜು ಬಾರದವರಿಗೆ ಸ್ನಾರ್ಕೆಲಿಂಗ್ ಇಲ್ಲ

ಸತ್ಯ: ಸ್ನಾರ್ಕೆಲಿಂಗ್ ಎಂದರೆ ಮುಳುಗುವುದಲ್ಲ, ತೇಲುವುದು. ಲೈಫ್ ಜಾಕೆಟ್ ನಿಮ್ಮನ್ನು ಮೇಲೆ ಹಿಡಿದಿರುತ್ತದೆ, ಮುಖ ನೀರಿನೊಳಗಿರುತ್ತದೆ, ಉಸಿರಾಟ ಕೊಳವೆಯ ಮೂಲಕ ಬಾಯಿಂದ. ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಆಳಕ್ಕಿಳಿಯುವ ಸ್ಕೂಬಾ ಬೇರೆಯೇ. ನಿಜವಾದ ಅಪಾಯ ಗಾಬರಿಯದು: ಕೊಳವೆಗೆ ಸ್ವಲ್ಪ ನೀರು ನುಗ್ಗಿದೊಡನೆ ಮಾಸ್ಕ್ ಕಿತ್ತೆಸೆದು ಕೈಕಾಲು ಬಡಿಯುವವರೇ ತೊಂದರೆಗೆ ಸಿಗುವುದು. ಹಾಗಾದಾಗ ತಲೆಯೆತ್ತಿ ಜೋರಾಗಿ ಊದಿದರೆ ಕೊಳವೆ ಖಾಲಿಯಾಗುತ್ತದೆ. ಇದನ್ನು ದಡದ ಹತ್ತಿರವೋ ಈಜುಕೊಳದಲ್ಲೋ ಮೊದಲೇ ಅಭ್ಯಾಸ ಮಾಡಿ. ಹೃದ್ರೋಗ, ಆಸ್ತಮಾ ಇರುವವರು ವೈದ್ಯರನ್ನು ಕೇಳದೆ ಇಳಿಯಬಾರದು. ಚೆನ್ನಾಗಿ ಈಜು ಬಲ್ಲವರೂ ಒಬ್ಬರೇ ದೂರ ಹೋಗಬಾರದು.

ತಪ್ಪು ಕಲ್ಪನೆ 3: ಹವಳ ಬಣ್ಣದ ಕಲ್ಲು, ಒಂದು ಚೂರು ತಂದರೆ ಏನಾಯಿತು?

ಸತ್ಯ: ಹವಳ ಕಲ್ಲೂ ಅಲ್ಲ, ಗಿಡವೂ ಅಲ್ಲ, ಪ್ರಾಣಿ. ಪಾಲಿಪ್ ಎಂಬ ಪುಟ್ಟ ಜೀವಿಗಳು ಒತ್ತೊತ್ತಾಗಿ ಕೂಡಿ ಬಾಳುತ್ತ ತಮ್ಮ ಕೆಳಗೆ ಸುಣ್ಣದ ಗೂಡು ಕಟ್ಟುತ್ತವೆ. ಅವುಗಳ ಮೈಯೊಳಗೆ ಸೂಕ್ಷ್ಮ ಪಾಚಿ ಇರುತ್ತದೆ. ಪಾಚಿ ಬಿಸಿಲಿನಿಂದ ಆಹಾರ ತಯಾರಿಸಿ ಪಾಲು ಕೊಡುತ್ತದೆ, ಹವಳ ಅದಕ್ಕೆ ನೆಲೆ ಕೊಡುತ್ತದೆ. ನೀರು ಹೆಚ್ಚು ಕಾಲ ಬಿಸಿಯಾದರೆ ಈ ಪಾಚಿ ಹೊರಬಿದ್ದು ಹವಳ ಬಿಳಿಚಿಕೊಳ್ಳುತ್ತದೆ. ಹಾಗೇ ಮುಂದುವರಿದರೆ ಸಾಯುತ್ತದೆ. ಗುಂಡಗೆ ಬೆಳೆಯುವ ಹವಳಗಳು ವರ್ಷಕ್ಕೆ ಎರಡು ಸೆಂಟಿಮೀಟರ್ ದಾಟುವುದು ಅಪರೂಪ. ಕಾಲಿಗೆ ಕಟ್ಟಿದ ರಬ್ಬರ್ ರೆಕ್ಕೆಯ ಒಂದು ಒದೆತಕ್ಕೆ ಮುರಿಯುವುದು ಎಷ್ಟೋ ವರ್ಷಗಳ ಬೆಳವಣಿಗೆ.

ಲಕ್ಷದ್ವೀಪ ಹವಳದಿಂದಲೇ ಆದದ್ದು; ನೇತ್ರಾಣಿ ಹಾಗಲ್ಲ, ಇಲ್ಲಿ ಮುಳುಗಿದ ಬಂಡೆಗಳ ಮೇಲೆ ಅಲ್ಲಲ್ಲಿ ಹವಳ ನೆಲೆಸಿದೆ. ಇರುವುದೇ ಕಡಿಮೆ ಎಂಬ ಕಾರಣಕ್ಕೆ ಕಳೆದುಕೊಳ್ಳುವುದೂ ಬೇಗ.

ಕಾನೂನು ಇನ್ನೂ ಖಡಕ್ಕಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ 2001ರಲ್ಲಿ ದಿಬ್ಬ ಕಟ್ಟುವ ಹವಳಗಳು ಸೇರಿದವು. ನಾಗರಹೊಳೆಯ ಹುಲಿ, ಆನೆ ಇರುವುದೂ ಅದೇ ಪಟ್ಟಿಯಲ್ಲಿ. ಅಪರಾಧ ಸಾಬೀತಾದರೆ ಮೂರರಿಂದ ಏಳು ವರ್ಷದವರೆಗೆ ಜೈಲು. ಶೋಕೇಸಿನ ಹವಳದ ಚೂರಿಗೂ ಹುಲಿಯ ಉಗುರಿಗೂ ಕಾನೂನಿನ ಕಣ್ಣಲ್ಲಿ ಹೆಚ್ಚು ವ್ಯತ್ಯಾಸವಿಲ್ಲ.

ತಪ್ಪು ಕಲ್ಪನೆ 4: ಕಡಲಿಗಿಳಿದರೆ ಶಾರ್ಕ್ ಬಿಡುವುದಿಲ್ಲ

ಸತ್ಯ: ಇಡೀ ಜಗತ್ತಿನಲ್ಲಿ ಕೆಣಕದೆ ಶಾರ್ಕ್ ಕಚ್ಚಿದ ಪ್ರಕರಣಗಳು ಸಾಮಾನ್ಯವಾಗಿ ವರ್ಷಕ್ಕೆ ನೂರನ್ನೂ ಮುಟ್ಟುವುದಿಲ್ಲ. ಭಾರತದಲ್ಲಿ ಆನೆಗಳಿಂದಲೇ ವರ್ಷಕ್ಕೆ ನಾನೂರಕ್ಕೂ ಹೆಚ್ಚು ಜನ ಸಾಯುತ್ತಾರೆ. ಕಾಡಂಚಿನ ಹೊಲದಲ್ಲಿ ರಾತ್ರಿ ಕಾವಲು ಕೂರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೀರಿನಲ್ಲಿ ಗಾಯವಾಗುವುದು ಹೆಚ್ಚಾಗಿ ಬೆನ್ನಟ್ಟಿ ಬಾರದ ಜೀವಿಗಳಿಂದ: ಕಾಲಿಟ್ಟರೆ ಚುಚ್ಚುವ ಮುಳ್ಳಿನ ಅರ್ಚಿನ್, ವಿಷದ ಮುಳ್ಳಿರುವ ಲಯನ್‌ಫಿಶ್, ತೇಲಿಬರುವ ಜೆಲ್ಲಿ ಮೀನು. ಮುಟ್ಟದಿದ್ದರೆ, ತುಳಿಯದಿದ್ದರೆ ಬಹುಪಾಲು ಅಪಾಯ ಅಲ್ಲಿಗೇ ಮುಗಿಯಿತು. ಬಿಸ್ಕತ್ತು, ಬ್ರೆಡ್ಡು ಎಸೆದು ಮೀನು ಸೇರಿಸುವುದೂ ಬೇಡ. ತಲೆಯೆತ್ತಿದರೆ ಬೇರೆಯೇ ನೋಟವಿದೆ. ನೇತ್ರಾಣಿ ಬಿಳಿಹೊಟ್ಟೆಯ ಕಡಲ ಹದ್ದು ಗೂಡು ಕಟ್ಟುವ ಜಾಗ, ಬೈನಾಕ್ಯುಲರ್ ಮರೆಯಬೇಡಿ.

ತಪ್ಪು ಕಲ್ಪನೆ 5: ಬೇಸಿಗೆ ರಜೆಯೇ ಎಲ್ಲಕ್ಕೂ ಸರಿ

ಸತ್ಯ: ಕಬಿನಿಗೆ ಸರಿ, ಕಡಲಿಗೆ ಅಷ್ಟಾಗಿ ಇಲ್ಲ. ಕಬಿನಿಯ 1974ರ ಅಣೆಕಟ್ಟೆಯ ಹಿನ್ನೀರು ಮಾರ್ಚ್‌ನಿಂದ ಮೇವರೆಗೆ ಇಳಿದು ಹಸಿ ಹುಲ್ಲು ಚಿಗುರಿದಾಗ ಆನೆಗಳು ಹಿಂಡುಹಿಂಡಾಗಿ ಅಲ್ಲಿಗೆ ಬರುತ್ತವೆ. ನೇತ್ರಾಣಿಯಲ್ಲಿ ನೀರು ತಿಳಿಯಾಗಿರುವುದು ಡಿಸೆಂಬರ್, ಜನವರಿಯ ಆಸುಪಾಸಿನಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲದ ಕಡಲು ದೋಣಿಗೆ ಅವಕಾಶ ಕೊಡುವುದಿಲ್ಲ. ಹಾಗೆಂದು ಕಬಿನಿ ಹಿನ್ನೀರಿನ ನಡುಗಡ್ಡೆಗಳ ಬಳಿ ಈಜಲು ಹೋಗಬೇಡಿ, ಅಲ್ಲಿ ಮೊಸಳೆಗಳಿವೆ.

ತಪ್ಪು ಕಲ್ಪನೆ 6: ಬೆಳಿಗ್ಗೆ ನೀರಿಗಿಳಿದು ಸಂಜೆಗೆ ಘಾಟಿ ಹತ್ತಬಹುದು

ಸತ್ಯ: ಸ್ನಾರ್ಕೆಲಿಂಗ್ ಮಾತ್ರ ಮಾಡಿದ್ದರೆ ಅಡ್ಡಿಯಿಲ್ಲ. ಸ್ಕೂಬಾ ಮಾಡಿದ್ದರೆ ಕಾಯಬೇಕು. ಆಳದ ಒತ್ತಡದಲ್ಲಿ ರಕ್ತಕ್ಕೆ ಸೇರಿದ ನೈಟ್ರೋಜನ್, ಎತ್ತರದ ಊರಿನ ಕಡಿಮೆ ಒತ್ತಡದಲ್ಲಿ ಗುಳ್ಳೆಯಾಗಿ ಏಳಬಹುದು. ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಹಲವು ಬಾರಿ ಇಳಿದಿದ್ದರೆ 18 ಗಂಟೆ ಕಾಯಬೇಕೆಂಬುದು ಡೈವಿಂಗ್ ವೈದ್ಯರ ಸಲಹೆ. ಇದು ವಿಮಾನಕ್ಕೆ ಮಾತ್ರವಲ್ಲ, ಸುಮಾರು 600 ಮೀಟರ್‌ಗಿಂತ ಎತ್ತರದ ರಸ್ತೆಗೂ ಅನ್ವಯ. ಮಡಿಕೇರಿ ಸಾವಿರ ಮೀಟರ್ ದಾಟುತ್ತದೆ. ಹಾಗಾಗಿ ಒಂದು ರಾತ್ರಿ ಕರಾವಳಿಯಲ್ಲೇ ಉಳಿಯುವ ಲೆಕ್ಕ ಹಾಕಿಕೊಳ್ಳಿ.

ಸಫಾರಿಗೆ ಬಂದವರು ಜೀಪಿನಿಂದ ಇಳಿದರೆ, ಕೂಗಿದರೆ, ಕಾಡಿನಿಂದ ಏನಾದರೂ ಎತ್ತಿಕೊಂಡರೆ ನಮ್ಮ ಕಡೆಯವರೇ ಮೊದಲು ಗದರುತ್ತಾರೆ. ಕಡಲಲ್ಲಿ ಆ ಪ್ರವಾಸಿಗರು ನಾವು. ದೋಣಿ ಹತ್ತುವ ಮೊದಲು ಮೂರು ಪ್ರಶ್ನೆ ಕೇಳಿ: ಎಲ್ಲರಿಗೂ ಅಳತೆಯ ಲೈಫ್ ಜಾಕೆಟ್ ಇದೆಯೇ, ನೀರಿನಲ್ಲಿ ಜೊತೆಗೆ ಯಾರು ಇರುತ್ತಾರೆ, ಹವಳದ ಮೇಲೆ ಲಂಗರು ಬೀಳದಂತೆ ನೋಡುತ್ತೀರಾ? ನೆಟ್ಟಗೆ ಉತ್ತರ ಬಾರದಿದ್ದರೆ ಬೇರೆ ದೋಣಿ ನೋಡಿಕೊಳ್ಳಿ.