ವೈದ್ಯವಿದ್ಯೆಯ ಹೊಸ್ತಿಲಲ್ಲಿ ಎರಡು ವಿಷಯ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ – ಈ ಸೀಮೆಯ ಮನೆಗಳಲ್ಲಿ ಹತ್ತನೆಯ ತರಗತಿಯ ಫಲಿತಾಂಶ ಬಂದ ಮರುದಿನವೇ ಏಳುವ ಒಂದು ಪ್ರಶ್ನೆಯಿದೆ. ಮಗಳಿಗೆ ಡಾಕ್ಟರಾಗಬೇಕೆಂಬ ಆಸೆ. ಅದಕ್ಕೆ ತಕ್ಕ ಅಂಕಗಳೂ ಬಂದಿವೆ. ಇನ್ನು ವೈದ್ಯಕೀಯಕ್ಕೆ ಬೇಕಾದಷ್ಟನ್ನೇ ಓದಿಸಬೇಕೆ, ಅಥವಾ ಜತೆಗೆ ಮತ್ತೊಂದು ವಿದ್ಯೆಯ ಭಾರವನ್ನೂ ಹೊರಿಸಬೇಕೆ? ಮಗ್ಗದ ಮುಂದೆ ಕುಳಿತವನೂ ಕೇಳುತ್ತಾನೆ, ಕಬ್ಬು ಬೆಳೆಯುವವನೂ ಕೇಳುತ್ತಾನೆ. ಪದವಿಪೂರ್ವ ತರಗತಿಗಳಿಗೆ ಕನ್ನಡ ಹೇಳಿಕೊಡುತ್ತ ಮೂವತ್ತು ವರ್ಷ ಕಳೆದ ನನ್ನನ್ನೂ ಅನೇಕರು ಕೇಳಿದ್ದಾರೆ. ವಿಜ್ಞಾನದ ವಿಚಾರವನ್ನು ಕನ್ನಡದ ಮಾಸ್ತರನ ಮುಂದಿಡುವುದು ವಿಚಿತ್ರವಾಗಿ ಕಾಣಬಹುದು. ಆದರೆ ಕಾಲೇಜಿನ ಎಲ್ಲ ವಿಭಾಗದ ಮಕ್ಕಳೂ ಬಂದು ಕೂಡುವುದು ಭಾಷೆಯ ತರಗತಿಯಲ್ಲಿ. ಅವರ ನಿದ್ದೆ, ಆಕಳಿಕೆ, ಆಸೆ, ಅಂಜಿಕೆ ಎಲ್ಲವೂ ಮೊದಲು ಕಣ್ಣಿಗೆ ಬೀಳುವುದು ನಮಗೇ.

ಈಚೆಗೆ ಈ ಪ್ರಶ್ನೆಗೆ ಹೊಸ ಹೆಸರೊಂದು ಬಂದಿದೆ. 'ಡಬಲ್ ಮೇಜರ್' ಎಂಬ ಮಾತನ್ನು ಎಲ್ಲಿಯೋ ಓದಿ ಬಂದ ಹುಡುಗರು, "ಸರ್, ಅಮೆರಿಕದಲ್ಲಿ ಡಾಕ್ಟರಾಗುವವರು ಸಾಹಿತ್ಯವನ್ನೂ ಓದುತ್ತಾರಂತಲ್ಲ?" ಎನ್ನುತ್ತಾರೆ. ನಿಜ, ಓದುತ್ತಾರೆ. ಅಲ್ಲಿಯ ವ್ಯವಸ್ಥೆಯೇ ಬೇರೆ. ಅಲ್ಲಿ ವೈದ್ಯಕೀಯ ಶಾಲೆ ಆರಂಭವಾಗುವುದು ನಾಲ್ಕು ವರ್ಷಗಳ ಪದವಿ ಮುಗಿದ ಮೇಲೆ. 'ಪ್ರಿ-ಮೆಡ್' ಎಂಬುದು ಒಂದು ವಿಷಯದ ಹೆಸರಲ್ಲ. ವೈದ್ಯಕೀಯಕ್ಕೆ ಹೋಗಬಯಸುವವನು ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರಗಳಲ್ಲಿ ಗೊತ್ತುಮಾಡಿದ ಪಾಠಗಳನ್ನು ಮುಗಿಸಿದ್ದರಾಯಿತು, ಅವನ ಪ್ರಧಾನ ವಿಷಯ ಸಂಗೀತವಾದರೂ ಆಗಬಹುದು, ಇತಿಹಾಸವಾದರೂ ಆಗಬಹುದು. ಎರಡು ಪ್ರಧಾನ ವಿಷಯಗಳನ್ನು ಒಟ್ಟಿಗೆ ಪೂರೈಸಿದರೆ ಅದೇ ಡಬಲ್ ಮೇಜರ್. ಭಾರತೀಯ ಮೂಲದ ಪಾಲ್ ಕಲಾನಿಧಿ ಸ್ಟ್ಯಾನ್‌ಫರ್ಡಿನಲ್ಲಿ ಇಂಗ್ಲಿಷ್ ಸಾಹಿತ್ಯವನ್ನೂ ಮಾನವ ಜೀವಶಾಸ್ತ್ರವನ್ನೂ ಹೀಗೆ ಓದಿ, ಆಮೇಲೆ ಯೇಲ್‌ನಲ್ಲಿ ವೈದ್ಯವಿದ್ಯೆ ಕಲಿತು, ಮಿದುಳಿನ ಶಸ್ತ್ರಚಿಕಿತ್ಸಕರಾದರು. ಮೂವತ್ತೇಳನೆಯ ವಯಸ್ಸಿನಲ್ಲಿ, 2015ರಲ್ಲಿ, ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡ ಅವರು ಕೊನೆಯ ದಿನಗಳಲ್ಲಿ ಬರೆದ ಪುಸ್ತಕ ಮರುವರ್ಷ ಅಚ್ಚಾಗಿ ಲೋಕದ ತುಂಬ ಓದುಗರನ್ನು ಪಡೆಯಿತು. ಅದನ್ನು ಓದಿದವರಿಗೆ ಈ ಮನುಷ್ಯನಲ್ಲಿ ಸಾಹಿತ್ಯ ಎಲ್ಲಿ ಮುಗಿದು ವೈದ್ಯಕೀಯ ಎಲ್ಲಿ ಮೊದಲಾಯಿತೆಂದು ಗೆರೆ ಎಳೆಯುವುದು ಕಷ್ಟ.

ನಮ್ಮಲ್ಲಿ ಆ ನಾಲ್ಕು ವರ್ಷಗಳ ಬಯಲೇ ಇಲ್ಲ. ಪಿಯುಸಿ ಮುಗಿಸಿದ ಹುಡುಗಿ ಹದಿನೆಂಟಕ್ಕೆ ನೇರವಾಗಿ ಶವಚ್ಛೇದನದ ಮೇಜಿನ ಮುಂದೆ ನಿಲ್ಲುತ್ತಾಳೆ. ಕರ್ನಾಟಕದ ಪದವಿ ಕಾಲೇಜುಗಳಲ್ಲಿ 2021-22ರಿಂದ ಕೆಲಕಾಲ ಎರಡು ಪ್ರಧಾನ ವಿಷಯಗಳನ್ನು ಇಟ್ಟುಕೊಳ್ಳುವ ನಾಲ್ಕು ವರ್ಷದ ಪದವಿಯೊಂದು ನಡೆಯಿತು. 2024-25ರಿಂದ ಮತ್ತೆ ಮೂರು ವರ್ಷದ ಪದವಿ ಬಂದಿತು. ಎರಡೂ ನಮ್ಮ ಭಾವೀ ಡಾಕ್ಟರರ ದಾರಿಯಲ್ಲಿ ಬರುವಂಥವಲ್ಲ. ವೈದ್ಯಕೀಯದ ಸೀಟು ತಪ್ಪಿದವರು ರಸಾಯನ, ಸಸ್ಯ, ಪ್ರಾಣಿ ಎಂಬ ಮೂರು ಶಾಸ್ತ್ರಗಳ ಬಿ.ಎಸ್ಸಿ.ಗೆ ಸೇರಿ, ಒಂದು ಕಣ್ಣನ್ನು ಮುಂದಿನ ವರ್ಷದ ಪರೀಕ್ಷೆಯ ಮೇಲೆಯೇ ಇಟ್ಟಿರುತ್ತಾರೆ. ಅದು ಬೇರೆ ಕಥೆ. ನಮ್ಮ ನಿಜವಾದ ಡಬಲ್ ಮೇಜರ್ ಇರುವುದು ಅದಕ್ಕೂ ಹಿಂದೆ, ಪಿಯುಸಿಯಲ್ಲಿ. ಅದರ ಹೆಸರು ಪಿ.ಸಿ.ಎಂ.ಬಿ.

ಭೌತ, ರಸಾಯನ, ಗಣಿತ, ಜೀವ – ಇವು ನಾಲ್ಕು, ಎರಡು ಭಾಷೆಗಳು ಸೇರಿ ಆರು ವಿಷಯ, 600 ಅಂಕ. ಜೀವಶಾಸ್ತ್ರ ವೈದ್ಯಕೀಯಕ್ಕೆ, ಗಣಿತ ಎಂಜಿನಿಯರಿಂಗಿಗೆ, ಉಳಿದೆರಡು ಎರಡಕ್ಕೂ. ಎರಡು ಬಾಗಿಲುಗಳಿಗೆ ಒಂದೇ ಹೊಸ್ತಿಲು. 2016ರ ವರೆಗೆ ಸರಕಾರಿ ಸೀಟಿಗೆ ಬಾಗಿಲು ತಟ್ಟುವ ಪರೀಕ್ಷೆಯೂ ಒಂದೇ ಆಗಿತ್ತು: ನಮ್ಮ ಸಿ.ಇ.ಟಿ. ಅದನ್ನು ಬರೆದ ಹುಡುಗನಿಗೆ ವೈದ್ಯಕೀಯದ ರ‍್ಯಾಂಕೂ ಎಂಜಿನಿಯರಿಂಗಿನ ರ‍್ಯಾಂಕೂ ಒಂದೇ ಪರೀಕ್ಷೆಯಿಂದ ಸಿಗುತ್ತಿದ್ದುವು. 2017ರಿಂದ ವೈದ್ಯಕೀಯದ ಸೀಟುಗಳೆಲ್ಲ 'ನೀಟ್' ಪರೀಕ್ಷೆಯ ಪಾಲಾದುವು. ಎರಡು ಪರೀಕ್ಷೆಗಳ ಸ್ವಭಾವ ಬೇರೆಬೇರೆ. ಸಿ.ಇ.ಟಿ.ಯಲ್ಲಿ ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ತಪ್ಪಿಗೆ ದಂಡವಿಲ್ಲ, ಗೊತ್ತಿಲ್ಲದಿದ್ದರೂ ಒಂದನ್ನು ತುಂಬಿ ಬರಬಹುದು. ನೀಟ್‌ನಲ್ಲಿ 180 ಪ್ರಶ್ನೆ, 720 ಅಂಕ. ಸರಿಗೆ ನಾಲ್ಕು, ತಪ್ಪಿಗೆ ಒಂದು ಕಡಿತ. ಅದರಲ್ಲಿ ಅರ್ಧ, ಅಂದರೆ 360 ಅಂಕ, ಜೀವಶಾಸ್ತ್ರದ್ದು. ಗಣಿತದ್ದು ಸೊನ್ನೆ. 2024ರಲ್ಲಿ ದೇಶದಾದ್ಯಂತ 23 ಲಕ್ಷಕ್ಕೂ ಹೆಚ್ಚು ಮಂದಿ ಇದನ್ನು ಬರೆದರು, ಎಂ.ಬಿ.ಬಿ.ಎಸ್. ಸೀಟುಗಳು ಒಂದು ಲಕ್ಷಕ್ಕಿಂತ ಸ್ವಲ್ಪ ಹೆಚ್ಚು.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ನಮ್ಮ ಸೀಮೆಗೆ ವೈದ್ಯಕೀಯ ಕಾಲೇಜುಗಳು ಹತ್ತಿರ ಹತ್ತಿರ ಬರುತ್ತಲೇ ಇವೆ. 1957ರಲ್ಲಿ ಹುಬ್ಬಳ್ಳಿ, 1963ರಲ್ಲಿ ಬೆಳಗಾವಿ, ಎಂಬತ್ತರ ದಶಕದಲ್ಲಿ ವಿಜಯಪುರ, 2002ರಲ್ಲಿ ಬಾಗಲಕೋಟೆ. ನಮ್ಮ ಅಜ್ಜಂದಿರ ಕಾಲಕ್ಕೆ ಮುಂಬಯಿ ಪುಣೆಗಳಿಗೆ ಹೋಗಬೇಕಾಗಿದ್ದ ವಿದ್ಯೆ ಈಗ ಬೆಳಗಿನ ಬಸ್ಸು ಹಿಡಿದರೆ ಸಿಗುವಷ್ಟು ಸಮೀಪದಲ್ಲಿದೆ. ಆದರೆ ಒಳಗೆ ಕಾಲಿಡುವುದು ಅಂದಿಗಿಂತ ಸುಲಭವಾಗಿದೆಯೆಂದು ಯಾವ ತಂದೆಯೂ ಹೇಳುವುದಿಲ್ಲ. ಆದುದರಿಂದಲೇ ಎರಡನೆಯ ಬಾಗಿಲಿನ ಆಸೆ. ಅದನ್ನು ದುರಾಸೆ ಎಂದು ನಾನು ಕರೆಯಲಾರೆ.

ಹಾಗಾದರೆ ಗಣಿತ ಬರಿಯ ಭಾರವೆ? ಜೀವಶಾಸ್ತ್ರವೊಂದೇ ಸಾಕೆಂದು ಗಣಿತದ ಬದಲು ಬೇರೆ ಸುಲಭ ವಿಷಯವನ್ನು ಆಯ್ದುಕೊಂಡ ಮಕ್ಕಳನ್ನು ನಾನು ಕಂಡಿದ್ದೇನೆ. ಅವರಲ್ಲಿ ಹಲವರು ಎಡವುವುದು ಜೀವಶಾಸ್ತ್ರದಲ್ಲಿ ಅಲ್ಲ, ಭೌತಶಾಸ್ತ್ರದಲ್ಲಿ. ನೀಟ್‌ನ 180 ಅಂಕ ಭೌತಶಾಸ್ತ್ರದ್ದು. ಅದರ ಚಲನೆ, ಅಲೆ, ವಿದ್ಯುತ್ತು ಎಲ್ಲವೂ ಗಣಿತದ ಭಾಷೆಯಲ್ಲೇ ಮಾತನಾಡುತ್ತವೆ. ಮುಂದೆ ಡಾಕ್ಟರಾದ ಮೇಲೂ ಗಣಿತ ಬೆನ್ನು ಬಿಡುವುದಿಲ್ಲ. ಮಗುವಿನ ತೂಕ ನೋಡಿ ಔಷಧಿಯ ಪ್ರಮಾಣ ನಿರ್ಣಯಿಸುವುದು ತೀರ ಸಾಮಾನ್ಯವಾದ ಲೆಕ್ಕ. ಅದಕ್ಕಿಂತ ಸೊಗಸಾದದ್ದು ಅರ್ಧಾಯುವಿನ ಲೆಕ್ಕ. ಸೇವಿಸಿದ ಔಷಧಿ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಇಷ್ಟು ಗಂಟೆ ಎಂದು ಇರುತ್ತದೆ. ಇನ್ನಷ್ಟೇ ಗಂಟೆ ಕಳೆದರೆ ಉಳಿದುದರ ಅರ್ಧ. ಹೀಗೆ ಐದು ಅರ್ಧಾಯುಗಳು ಕಳೆದಾಗ ಮೂವತ್ತೆರಡರಲ್ಲಿ ಒಂದು ಪಾಲು ಮಾತ್ರ ಉಳಿಯುತ್ತದೆ. ಕೆಲವು ಗುಳಿಗೆಯನ್ನು ದಿನಕ್ಕೆ ಮೂರು ಸಲವೂ ಕೆಲವನ್ನು ಒಂದೇ ಸಲವೂ ಕೊಡುವುದರ ಹಿಂದೆ ಈ ಗುಣೋತ್ತರ ಶ್ರೇಢಿ ಕೆಲಸ ಮಾಡುತ್ತಿರುತ್ತದೆ. 'ಇದನ್ನು ಕಲಿತು ಏನು ಉಪಯೋಗ ಸರ್' ಎಂದು ಹಿಂದಿನ ಬೆಂಚಿನಲ್ಲಿ ಗೊಣಗಿದ ಪಾಠವೇ ಅದು.

ಆದುದರಿಂದ ನನ್ನ ಅಭಿಪ್ರಾಯ ಇಷ್ಟು: ಶಕ್ತಿಯಿದ್ದವರು ಎರಡು ವರ್ಷ ಗಣಿತವನ್ನು ಬಿಡಬಾರದು. ಆದರೆ ಯಾವುದು ಮನೆ, ಯಾವುದು ಹಿತ್ತಿಲ ಬಾಗಿಲು ಎಂಬುದನ್ನು ಮೊದಲ ವರ್ಷದ ಕೊನೆಗಾದರೂ ಮನಸ್ಸಿನಲ್ಲಿ ತೀರ್ಮಾನಿಸಿರಬೇಕು. ಎರಡಕ್ಕೂ ಸಮಸಮನಾಗಿ ಓದುತ್ತೇನೆಂದು ಹೊರಟವರು ಎರಡು ಪರೀಕ್ಷೆಗಳ ನಡುವೆ ಬಳಲುವುದನ್ನು ನೋಡಿದ್ದೇನೆ. ಎರಡನೆಯ ಬಾಗಿಲು ಎಂದರೆ ಎಂಜಿನಿಯರಿಂಗ್ ಒಂದೇ ಎಂದೂ ತಿಳಿಯಬೇಕಾಗಿಲ್ಲ. ಕೃಷಿ, ತೋಟಗಾರಿಕೆ, ಪಶುವೈದ್ಯಗಳಿಗೆ ಸಿ.ಇ.ಟಿ.ಯ ಜೀವಶಾಸ್ತ್ರವೇ ದಾರಿ. ತೋಟಗಾರಿಕೆಯ ವಿಶ್ವವಿದ್ಯಾಲಯ ನಮ್ಮ ಬಾಗಲಕೋಟೆಯಲ್ಲಿಯೇ ಇದೆ. ಮುಧೋಳ ತಳಿಯ ನಾಯಿಗಳ ಸಂಶೋಧನಾ ಕೇಂದ್ರ ಮುಧೋಳದ ಮಗ್ಗುಲಿನ ತಿಮ್ಮಾಪುರದಲ್ಲಿದೆ. ಮನುಷ್ಯರ ಡಾಕ್ಟರಾಗಲು ಹೊರಟು ದನಗಳ ಡಾಕ್ಟರಾಗಿ ಸುಖವಾಗಿರುವ ಶಿಷ್ಯರು ನನಗಿದ್ದಾರೆ. ಇನ್ನು, ಆಗ ಜೀವಶಾಸ್ತ್ರ ಬಿಟ್ಟು ಈಗ ಹಲುಬುವವರಿಗೂ ಒಂದು ಸಮಾಧಾನವಿದೆ: ಹನ್ನೆರಡನೆಯ ತರಗತಿಯ ಅನಂತರ ಜೀವಶಾಸ್ತ್ರವನ್ನು ಹೆಚ್ಚಿನ ವಿಷಯವಾಗಿ ಓದಿ ತೇರ್ಗಡೆಯಾದವರೂ ನೀಟ್ ಬರೆಯಬಹುದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ನವೆಂಬರಿನಲ್ಲಿ ಪ್ರಕಟಿಸಿತು.

ಬನಹಟ್ಟಿಯ ನೇಕಾರರ ಮನೆಯ ವಿದ್ಯಾರ್ಥಿನಿಯೊಬ್ಬಳ ಮಾತು ಇಲ್ಲಿ ನೆನಪಾಗುತ್ತದೆ. ಹತ್ತನೆಯ ವರೆಗೆ ಕನ್ನಡ ಮಾಧ್ಯಮ. ಕಾಲೇಜಿಗೆ ಬಂದಾಗ 'ದ್ಯುತಿಸಂಶ್ಲೇಷಣೆ' ಹೋಗಿ 'ಫೋಟೋಸಿಂಥೆಸಿಸ್' ಆಯಿತು, 'ಪತ್ರಹರಿತ್ತು' ಹೋಗಿ 'ಕ್ಲೋರೋಫಿಲ್' ಬಂತು. ಪಿ.ಸಿ.ಎಂ.ಬಿ. ಎಂಬ ನಾಲ್ಕು ಅಕ್ಷರಗಳಲ್ಲಿ ಎಲ್ಲಿಯೂ ಕಾಣದ ಇಂಗ್ಲಿಷು ಇಂಥ ಮಕ್ಕಳಿಗೆ ಐದನೆಯ ಭಾರ. ಆಕೆಯ ತಂದೆ ಒಂದು ಸಂಜೆ ನನ್ನಲ್ಲಿಗೆ ಬಂದು, "ಸರ್ರ, ಒಂದ ಮಗ್ಗದ ಮ್ಯಾಲೆ ಎರಡು ಸೀರಿ ನೇಯಾಕ ಬರೂದಿಲ್ಲ. ಗಣಿತ ಬಿಡಸ್ರಿ" ಎಂದರು. ಮಗಳು ತಲೆ ತಗ್ಗಿಸಿಕೊಂಡೇ, "ಹಾಸು ಒಂದ ಇದ್ರೂ ಹೊಕ್ಕಿಗೆ ಎರಡು ಬಣ್ಣದ ನೂಲು ಹಾಕ್ತೀರಲ್ಲಪ್ಪಾ" ಎಂದಳು. ನಾನು ನಡುವೆ ಬಾಯಿ ಹಾಕಲಿಲ್ಲ. ಗಣಿತ ಉಳಿಯಿತು. ಮೊದಲ ಸಲ ನೀಟ್‌ನಲ್ಲಿ ಸೀಟಿಗೆ ಸಾಲುವಷ್ಟು ಅಂಕ ಬರಲಿಲ್ಲ; ಸಿ.ಇ.ಟಿ.ಯಲ್ಲಿ ಎಂಜಿನಿಯರಿಂಗ್ ಸೀಟು ಕೈಯಲ್ಲಿತ್ತು. ಕೈಯಲ್ಲಿದ್ದುದನ್ನು ಬಿಟ್ಟು ಇನ್ನೊಂದು ವರ್ಷ ಕಾಯುವುದೆಂದರೆ ನೇಕಾರನ ಮನೆಯಲ್ಲಿ ಸಣ್ಣ ಮಾತಲ್ಲ. ನೂಲಿನ ಬೆಲೆ, ಸಾಲದ ಕಂತು, ತಂಗಿಯ ಓದು, ಎಲ್ಲವೂ ಆ ಲೆಕ್ಕದಲ್ಲಿ ಬರುತ್ತವೆ. ಮೂರು ದಿನ ಯೋಚಿಸಿ ತಂದೆಯೇ, "ಒಂದ ವರ್ಷ ನೋಡೂಣು" ಎಂದರು. ದೂರದ ಊರಿನ ಕೋಚಿಂಗಿಗೆ ಕಳಿಸುವ ಶಕ್ತಿ ಇರಲಿಲ್ಲ. ಗಣಿತವನ್ನು ಕಟ್ಟಿಟ್ಟು ಮನೆಯಲ್ಲಿಯೇ ಓದಿದಳು. ಎರಡನೆಯ ಸಲ, ಕನ್ನಡ ಮಾಧ್ಯಮದವರಿಗೆ ಇರುವ ಶೇಕಡಾ 5ರ ಮೀಸಲಾತಿಯಲ್ಲಿ, ಸರಕಾರಿ ಕಾಲೇಜಿನಲ್ಲಿ ಸೀಟು ದೊರೆಯಿತು.

ಯಾರ ಗಣನೆಯಲ್ಲಿಯೂ ಇರದ ಕನ್ನಡ ಕೊನೆಗೆ ಕದ ತೆರೆಯಿತು. ಪಿಯುಸಿಯ 600 ಅಂಕಗಳಲ್ಲಿ 200 ಭಾಷೆಗಳದ್ದು. ನೀಟ್ ಅವನ್ನು ಕೇಳುವುದಿಲ್ಲ, ಎಂಜಿನಿಯರಿಂಗಿನ ರ‍್ಯಾಂಕೂ ಅವನ್ನು ಎಣಿಸುವುದಿಲ್ಲ. ಆದುದರಿಂದ ವಿಜ್ಞಾನದ ಮಕ್ಕಳಿಗೆ ಕನ್ನಡದ ತರಗತಿ ಎಂದರೆ ಭೌತಶಾಸ್ತ್ರದ ಟಿಪ್ಪಣಿ ಬರೆದುಕೊಳ್ಳುವ ಹೊತ್ತು. ರನ್ನ ಹುಟ್ಟಿದ ಮುಧೋಳದ ಹುಡುಗರೂ ಅಂಕ ಸುಲಭವೆಂದು ಕನ್ನಡವನ್ನು ಬಿಟ್ಟು ಬೇರೆ ಭಾಷೆ ಹಿಡಿಯುವುದುಂಟು. ಅದು ಅವರ ಹಕ್ಕು. ನನ್ನ ಬೇಸರ ನನ್ನದು. ಆದರೆ ಇವರು ನಾಳೆ ಡಾಕ್ಟರಾಗಿ ಕೂಡುವ ಕೋಣೆಗೆ ರೋಗ ತನ್ನ ಲ್ಯಾಟಿನ್ ಹೆಸರು ಹೇಳಿಕೊಂಡು ಬರುವುದಿಲ್ಲ. "ಎದಿ ಡವಡವ ಅಂತೈತ್ರಿ", "ಕೈ ಜೋಮು ಹಿಡಿತೈತ್ರಿ", "ಸಂಕಟ ಆಗತೈತ್ರಿ" ಎಂದು ಬರುತ್ತದೆ. ಈ 'ಸಂಕಟ' ಎಂಬುದೊಂದನ್ನೇ ನೋಡಿ. ಒಬ್ಬಳಿಗೆ ಅದು ಹೊಟ್ಟೆ ತೊಳಸುವುದು, ಇನ್ನೊಬ್ಬನಿಗೆ ಎದೆ ಹಿಂಡುವುದು, ಮತ್ತೊಬ್ಬಳಿಗೆ ಮನೆಯಲ್ಲಿ ಹೇಳಿಕೊಳ್ಳಲಾಗದ ದುಃಖ. ಯಾವುದೆಂದು ತಿಳಿಯದೆ ಬರೆದ ಔಷಧಿಯ ಚೀಟಿ ಏನು ಮಾಡೀತು? ವೈದ್ಯಕೀಯ ಶಿಕ್ಷಣದವರಿಗೂ ಇದು ಗೊತ್ತಾಗಿರಬೇಕು. 2019ರಲ್ಲಿ ಜಾರಿಗೆ ಬಂದ ಎಂ.ಬಿ.ಬಿ.ಎಸ್. ಪಠ್ಯಕ್ರಮದಲ್ಲಿ ಸ್ಥಳೀಯ ಭಾಷೆಯ ಕಲಿಕೆಗೂ ರೋಗಿಯೊಡನೆ ಮಾತನಾಡುವ ಕಲೆಗೂ ಸ್ಥಾನ ಕೊಟ್ಟಿದ್ದಾರೆ.

ನಮ್ಮ ಹಿರಿಯರಿಗೆ ಈ ಎರಡು ವಿದ್ಯೆಗಳ ನಡುವೆ ಇಷ್ಟು ದೊಡ್ಡ ಗೋಡೆ ಕಂಡಿರಲಿಲ್ಲ. ಹದಿನಾಲ್ಕನೆಯ ಶತಮಾನದ ಮಂಗರಾಜ ವಿಷಚಿಕಿತ್ಸೆಯ ಶಾಸ್ತ್ರವನ್ನು 'ಖಗೇಂದ್ರಮಣಿದರ್ಪಣ'ವೆಂಬ ಪದ್ಯಗ್ರಂಥವನ್ನಾಗಿ ಬರೆದ. ಕೀರ್ತಿವರ್ಮ 'ಗೋವೈದ್ಯ' ಬರೆದ. ಹೊಸಗಾಲದಲ್ಲಿ ಡಾ. ಎಂ. ಶಿವರಾಂ ರೋಗಿಗಳನ್ನು ನೋಡುತ್ತಲೇ 1942ರಲ್ಲಿ 'ಕೊರವಂಜಿ'ಯನ್ನು ಹೊರಡಿಸಿ ನಾಡನ್ನು ನಗಿಸಿದರು. ಎಂ.ಬಿ.ಬಿ.ಎಸ್. ಓದಿದ ಅನುಪಮಾ ನಿರಂಜನ ಕಾದಂಬರಿಗಳ ಜತೆಗೆ 'ತಾಯಿ-ಮಗು'ವಿನಂಥ ಪುಸ್ತಕಗಳನ್ನು ಬರೆದು, ಡಾಕ್ಟರರ ಮುಂದೆ ಬಾಯಿ ಬಿಡಲು ನಾಚುತ್ತಿದ್ದ ಹೆಣ್ಣುಮಕ್ಕಳ ಕೈಗೆ ತಿಳಿಗನ್ನಡದಲ್ಲಿ ವೈದ್ಯಶಾಸ್ತ್ರವನ್ನೇ ಇಟ್ಟರು. ಇವರ ಈ ಎರಡನೆಯ ವಿದ್ಯೆ ಯಾವ ಅಂಕಪಟ್ಟಿಯಲ್ಲಿಯೂ ಬಂದುದಲ್ಲ.

ಅಂಕಪಟ್ಟಿಯಲ್ಲಿಯೇ ಬರಬೇಕೆನ್ನುವವರಿಗೆ ಒಂದು ಮಾತು. ವಿಶ್ವವಿದ್ಯಾಲಯ ಅನುದಾನ ಆಯೋಗ 2022ರಲ್ಲಿ ಒಟ್ಟಿಗೆ ಎರಡು ಪದವಿಗಳನ್ನು ಓದಲು ಒಪ್ಪಿಗೆ ಕೊಟ್ಟಿತು. ಎರಡರ ತರಗತಿಗಳ ವೇಳೆ ಒಂದರ ಮೇಲೊಂದು ಬೀಳಬಾರದು, ಇಲ್ಲವೇ ಒಂದು ದೂರಶಿಕ್ಷಣದ್ದಾಗಿರಬೇಕು. ಆದರೆ ವೈದ್ಯಕೀಯದಂಥ ವೃತ್ತಿಶಿಕ್ಷಣಗಳಿಗೆ ಅವುಗಳದೇ ಮಂಡಳಿಯ ನಿಯಮಗಳಿವೆ. ಸೇರುವ ಮುಂಚೆ ಕಾಲೇಜಿನಲ್ಲಿ ವಿಚಾರಿಸಿಕೊಳ್ಳುವುದು ಲೇಸು. ನಾಲ್ಕೂವರೆ ವರ್ಷದ ಓದು, ಮೇಲೊಂದು ವರ್ಷದ ಆಸ್ಪತ್ರೆಯ ಸೇವೆ – ಇದರ ನಡುವೆ ಇನ್ನೊಂದು ಪದವಿಗೆ ಪರೀಕ್ಷೆ ಬರೆಯುವಷ್ಟು ಉಸಿರು ಎಲ್ಲರಲ್ಲಿಯೂ ಉಳಿಯುವುದಿಲ್ಲ. ಓದುವಷ್ಟು ಉಸಿರಂತೂ ಉಳಿಯುತ್ತದೆ. ಬನಹಟ್ಟಿಯ ಆ ಹುಡುಗಿ ಈಗ ಮೂರನೆಯ ವರ್ಷದಲ್ಲಿದ್ದಾಳೆ. ಕಳೆದ ದೀಪಾವಳಿಯ ರಜೆಗೆ ಬಂದವಳು ನನ್ನ ಕಪಾಟಿನಿಂದ ಅನುಪಮಾ ಅವರ ಎರಡು ಕಾದಂಬರಿಗಳನ್ನು ಒಯ್ದಳು. ಅವನ್ನು ಇನ್ನೂ ಹಿಂದಿರುಗಿಸಿಲ್ಲ.